ಗೋಳಗುಮ್ಮಟದ ಗದ್ದಲದಾಗ ಒಂದೇ ದನಿ: ಮಿದುಳಿನ ಒಂದು ನರಕೋಶವನ್ನು ಕೇಳೋದು ಹೆಂಗ?

ಎಪಿಸೋಡ್ ಶುರುವಾಗೋ ಮೊದಲು ಹತ್ತು ಸೆಕೆಂಡ್ ಒಂದು ಸಪ್ಪಳ ಹಾಕಿದ್ದೆ. ಇದನ್ನು ಓದುತ್ತಿರುವವರಿಗಾಗಿ ಹೇಳಿಬಿಡ್ತೀನಿ: ಅದು ತಿಕೋಟಾದಲ್ಲಿ ನನ್ನ ದೋಸ್ತನ ಒಣದ್ರಾಕ್ಷಿ ಶೆಡ್ಡಿನ ತಗಡಿನ ಮೇಲೆ ಬಿದ್ದ ಮಳೆ. ಫೋನಿನಲ್ಲೇ ರೆಕಾರ್ಡ್ ಮಾಡಿದ್ದು. ಅದನ್ನ ಯಾಕೆ ಹಾಕಿದೆ ಅಂದ್ರೆ, ನಮ್ಮ ಮಿದುಳಿನ ಆಳದಲ್ಲಿ ಒಂದು ಜಾಗ ಇದೆ. ಪಾರ್ಕಿನ್ಸನ್ ರೋಗಿಯ ಆಪರೇಷನ್ ಹೊತ್ತಿನಲ್ಲಿ, ಕೂದಲಿಗಿಂತ ಸಣ್ಣ ತುದಿಯ ಸೂಜಿ ಆ ಜಾಗಕ್ಕೆ ಮುಟ್ಟಿದಾಗ ಥಿಯೇಟರಿನ ಸ್ಪೀಕರಿನಿಂದ ಬರೋ ಸಪ್ಪಳ ಹೆಚ್ಚುಕಡಿಮೆ ಹೀಗೇ ಇರ್ತದೆ. ತಗಡಿನ ಮೇಲಿನ ಜೋರು ಮಳೆ.

ಈ ಎಪಿಸೋಡಿಗೆ ಕಾರಣ ಬಬಲೇಶ್ವರದ ಒಬ್ಬ ತಂಗಿ ಕಳಿಸಿದ ವಾಯ್ಸ್ ನೋಟ್. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಅವರ ಅಪ್ಪಾಜಿ ದ್ರಾಕ್ಷಿ ತೋಟದವರು. ಪಾರ್ಕಿನ್ಸನ್ ಬಂದು ಕೆಲವು ವರ್ಷ ಆಗಿದೆ. ಚಾಟ್ನಿ ಬಂದಾಗ ಕತ್ತರಿ ಹಿಡಿಯೋಕೆ ಆಗಲ್ಲ, ಬದುವಿನ ಮೇಲೆ ಕೂತು ಆಳುಗಳಿಗೆ ಹೇಳ್ತಾರೆ ಅಷ್ಟೇ. ಗುಳಿಗೆ ಮೊದಲಿನಷ್ಟು ಹೊತ್ತು ಹಿಡೀತಿಲ್ಲ. ಡಾಕ್ಟರು ಬೆಂಗಳೂರಿಗೆ ಹೋಗಿ ಡಿಬಿಎಸ್ ಆಪರೇಷನ್ ಬಗ್ಗೆ ವಿಚಾರಿಸಿ ಅಂದಿದ್ದಾರೆ. ಅವಳು ಕೇಳಿದ್ದು ಹೀಗೆ: "ಅಣ್ಣಾ, ಅಪ್ಪಾಜಿ ಎಚ್ಚರ ಇರಬೇಕಂತ. ತಲಿಯೊಳಗ ಸೂಜಿ ಬಿಟ್ಟು ಮಿದುಳಿನ ಸಪ್ಪಳ ಕೇಳ್ತಾರಂತ. ಆಯಿ ಹೆದರಿ ಬ್ಯಾಡೇ ಬ್ಯಾಡ ಅನ್ನಾಕತ್ತಾಳ. ಮನಸಿನ್ಯಾಗಿಂದೆಲ್ಲಾ ಅವರಿಗೆ ಗೊತ್ತಾಗತೈತೇನು? ಅಷ್ಟು ಗದ್ದಲದಾಗ ಯಾವುದು ಯಾವುದಂತ ಅವರಿಗರೆ ಹೆಂಗ ತಿಳೀತೈತಿ?"

ನಾನು ಬಿ.ಕಾಂ ಓದಿದವ. ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನೋದು ನನ್ನ ಬಾಯಿಂದ ಬರೋ ಮಾತಲ್ಲ. ಆದರೆ ಗದ್ದಲದೊಳಗಿಂದ ಒಂದು ದನಿ ಬೇರೆ ಮಾಡೋದು ನನ್ನ ದಿನದ ಕೆಲಸ. ಹಿಂಗಾಗಿ ಆ ಎರಡನೇ ಪ್ರಶ್ನೆ ನನ್ನನ್ನ ಹಿಡಕೊಂಡು ಬಿಡಲಿಲ್ಲ.

ಮೊದಲು ಮನಸ್ಸಿನ ವಿಷಯ ಮುಗಿಸೋಣ, ಯಾಕಂದ್ರೆ ಆಯಿಯ ಹೆದರಿಕೆ ಅಲ್ಲಿದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಆಗಾಗ ಒಂದು ಚಿಕ್ಕ ವಿದ್ಯುತ್ ಮಿಡಿತ ಕೊಡ್ತದೆ. ಇದಕ್ಕೆ ಸ್ಪೈಕ್ ಅಂತಾರೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು, ಅಷ್ಟರಲ್ಲಿ ಮುಗೀತು. 1926ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಸ್ವೀಡನ್ನಿನ ಇಂಗ್ವೆ ಝಾಟರ್‌ಮನ್ ಒಂದೇ ನರತಂತುವಿನ ಮಿಡಿತವನ್ನು ಮೊದಲ ಸಲ ಸ್ವಚ್ಛವಾಗಿ ಹಿಡಿದರು. ಅವರ ಹತ್ತಿರ ಬೇರ್ಪಡಿಸೋ ಯಂತ್ರ ಇರಲಿಲ್ಲ, ಕತ್ತರಿ ಇತ್ತು! ಕಪ್ಪೆಯ ಸ್ನಾಯುವನ್ನು ಚೂರು ಚೂರೇ ಕತ್ತರಿಸುತ್ತಾ, ಕೊನೆಗೆ ಒಂದೇ ಒಂದು ಸಂವೇದಕ ಉಳಿಯುವಂತೆ ಮಾಡಿದರು. ಆಗ ಗೊತ್ತಾಯ್ತು: ಸ್ನಾಯುವನ್ನು ಮೆಲ್ಲಗೆ ಎಳೆದರೂ, ಜೋರಾಗಿ ಎಳೆದರೂ ಮಿಡಿತದ ಗಾತ್ರ ಅಷ್ಟೇ. ಬದಲಾಗೋದು ಎಷ್ಟು ಸಲ ಬರ್ತದೆ ಅನ್ನೋದು ಮಾತ್ರ. 1932ರಲ್ಲಿ ಏಡ್ರಿಯನ್‌ಗೆ ಚಾರ್ಲ್ಸ್ ಶೆರಿಂಗ್ಟನ್ ಜೊತೆ ನೊಬೆಲ್ ಬಂತು.

ಅಂದ್ರೆ ಸ್ಪೈಕ್ ಅನ್ನೋದು ಮಿಸ್ಡ್ ಕಾಲ್ ಇದ್ದಂಗ. ಅದರೊಳಗೆ ಮಾತಿಲ್ಲ. ಯಾವಾಗ ಬಂತು, ಎಷ್ಟು ಸಲ ಬಂತು, ಅಷ್ಟೇ ಲೆಕ್ಕ. ಥಿಯೇಟರಿನಲ್ಲಿ ಡಾಕ್ಟರು ಕೇಳೋದು ಕೆಲವೇ ಕೋಶಗಳ ಮಿಸ್ಡ್ ಕಾಲ್‌ಗಳನ್ನ. ಅಪ್ಪಾಜಿ ಯಾರಿಗೆ ಎಷ್ಟು ಸಾಲ ಕೊಟ್ಟಿದ್ದಾರೆ ಅನ್ನೋದು ಅದರಿಂದ ಹೊರಗೆ ಬರಲ್ಲ. ಆಯಿಗೆ ಧೈರ್ಯವಾಗಿ ಹೇಳ್ರಿ.

ಈಗ ಗದ್ದಲದ ವಿಷಯ. ವಿಜಯಪುರದವರಿಗೆ ಇದನ್ನ ಹೇಳೋದು ಸುಲಭ. 1656ರಲ್ಲಿ ಮುಗಿದ ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಶಾಲೆ ಪ್ರವಾಸದ ದಿನ ಹತ್ತಿ ನೋಡ್ರಿ. ನೂರು ಹುಡುಗರು ಕೂಗ್ತಿರ್ತಾರೆ, ಚಪ್ಪಾಳೆ, ಸೀಟಿ, ಒಂದೊಂದೂ ಹತ್ತು ಸಲ ಮಾರ್ದನಿ. ಆ ಕಡೆ ಗೋಡೆಗೆ ನಿಂತ ನಿಮ್ಮ ಗೆಳೆಯ ಎಷ್ಟು ಸಲ ಚಪ್ಪಾಳೆ ತಟ್ಟಿದ ಅಂತ ಎಣಿಸಬೇಕು. ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೆ ಬರೀ ಕೋಲಾಹಲ ಸಿಗ್ತದೆ. ತಲೆಯ ಮೇಲೆ ವೈರ್ ಅಂಟಿಸಿ ಮಾಡೋ ಇಇಜಿ ಪರೀಕ್ಷೆ ಅಂದ್ರೆ ಗುಮ್ಮಟದ ಹೊರಗೆ ತೋಟದಲ್ಲಿ ನಿಂತು ಕೇಳಿದಂಗ. ಒಳಗೆ ಗದ್ದಲ ಇದೆಯೋ, ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ಹೊಡೀತಿದ್ದಾರೋ, ಅಷ್ಟು ತಿಳೀತದೆ. ಒಬ್ಬ ಹುಡುಗನ ಲೆಕ್ಕ ಸಿಗಲ್ಲ.

ಅದಕ್ಕೆ ಮೊದಲ ಕೆಲಸ, ಹತ್ತಿರ ಹೋಗೋದು. ಮೈಕ್ ಬಾಯಿಯ ಹತ್ತಿರ ಇಡು ಅಂತ ನಾನು ಪ್ರತಿ ಅತಿಥಿಗೆ ಹೇಳೋದೂ ಇದೇ. ಇಲ್ಲಿ ಮೈಕ್ ಅಂದ್ರೆ ಮೈಕ್ರೋಎಲೆಕ್ಟ್ರೋಡ್. ಸಾಮಾನ್ಯವಾಗಿ ಟಂಗ್‌ಸ್ಟನ್ ತಂತಿ, ಹಳೇ ಬಲ್ಬಿನೊಳಗೆ ಉರೀತಿತ್ತಲ್ಲ ಅದೇ ಲೋಹ. ಮೈತುಂಬ ವಿದ್ಯುತ್ ಹರಿಯದ ಲೇಪ, ತುದಿಯ ಕೆಲವು ಮೈಕ್ರಾನ್ ಮಾತ್ರ ಬತ್ತಲೆ. 1957ರಲ್ಲಿ ಡೇವಿಡ್ ಹ್ಯೂಬೆಲ್ ಇಂಥ ಟಂಗ್‌ಸ್ಟನ್ ಎಲೆಕ್ಟ್ರೋಡ್ ಮಾಡುವ ವಿಧಾನ ಪ್ರಕಟಿಸಿದರು. ಆ ತುದಿಯಿಂದ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ದೂರದ ಕೋಶಗಳು ಬೇರೆ ಬೇರೆಯಾಗಿ ಕೇಳಿಸ್ತವೆ. ಅದರಾಚೆಯದೆಲ್ಲ ಬೆರೆತು ಹಿನ್ನೆಲೆಯ ಗುಂಯ್‌ಗುಡುವಿಕೆ ಆಗ್ತದೆ.

ಹತ್ತಿರ ಹೋದರೂ ಸಿಗೋದು ಎಷ್ಟು? ಒಂದು ಸ್ಪೈಕ್ ಸುಮಾರು 50ರಿಂದ 200 ಮೈಕ್ರೋವೋಲ್ಟ್. ಟಿವಿ ರಿಮೋಟಿಗೆ ಹಾಕೋ ಸೆಲ್ 1.5 ವೋಲ್ಟ್. ಅದನ್ನ 15,000 ಪಾಲು ಮಾಡಿದರೆ ಒಂದು ಪಾಲು 100 ಮೈಕ್ರೋವೋಲ್ಟ್. ಇಷ್ಟು ಸಣ್ಣ ಸಂಕೇತವನ್ನು ಉದ್ದ ವೈರಿನಲ್ಲಿ ಕಳಿಸಿದರೆ ದಾರಿಯಲ್ಲೇ ಕರಗಿ ಹೋಗ್ತದೆ. ಅದಕ್ಕೇ ಎಲೆಕ್ಟ್ರೋಡಿನ ಬುಡದಲ್ಲೇ ಹೆಡ್‌ಸ್ಟೇಜ್ ಅನ್ನೋ ಪುಟ್ಟ ಸರ್ಕ್ಯೂಟ್ ಕೂರಿಸಿರ್ತಾರೆ. ಅದು ಕೋಶದಿಂದ ಕರೆಂಟು ಎಳೆಯೋದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆದು, ಸಂಕೇತಕ್ಕೆ ಬಲ ಕೊಟ್ಟು ಮುಂದಕ್ಕೆ ದಾಟಿಸ್ತದೆ.

ಇನ್ನೊಂದು ವೈರಿ ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್. ಪಾಡ್‌ಕಾಸ್ಟ್ ಮಾಡೋರಿಗೆಲ್ಲ ಇದು ಗೊತ್ತು, ಚಾರ್ಜರ್ ಹಾಕಿಟ್ಟು ರೆಕಾರ್ಡ್ ಮಾಡಿದ ಫೈಲಿನಲ್ಲಿ ಕೂತಿರ್ತದೆ. ಅದಕ್ಕೆ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಅನ್ನೋ ಉಪಾಯ: ಎರಡು ಕಡೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯೋದು. ಎರಡೂ ಕಡೆ ಸಮನಾಗಿ ಬಂದ ಗುಂಯ್ ಸೊನ್ನೆ ಆಗ್ತದೆ, ಒಂದೇ ಕಡೆ ಬಂದ ಸ್ಪೈಕ್ ಉಳೀತದೆ.

ಆಮೇಲೆ ಫಿಲ್ಟರ್. ಸುಮಾರು 300 ಹರ್ಟ್ಸ್‌ನಿಂದ ಕೆಲವು ಸಾವಿರ ಹರ್ಟ್ಸ್‌ವರೆಗೆ ಬಿಟ್ಟು, ಕೆಳಗಿನ ನಿಧಾನ ಅಲೆಗಳನ್ನೂ ಮೇಲಿನ ಕಿರಿಕಿರಿಯನ್ನೂ ಕತ್ತರಿಸ್ತಾರೆ. ಇಲ್ಲಿ ಒಂದು ಮಜಾ ನೋಡ್ರಿ. ಹಳೇ ಲ್ಯಾಂಡ್‌ಲೈನ್ ಫೋನು ಮನುಷ್ಯನ ದನಿಗೆ ಕೊಡ್ತಿದ್ದ ಜಾಗ 300ರಿಂದ 3,400 ಹರ್ಟ್ಸ್. ಹೆಚ್ಚುಕಡಿಮೆ ಅದೇ ಪಟ್ಟಿ! ಅದಕ್ಕೇ ನರಕೋಶದ ಮಿಡಿತವನ್ನು ಯಾವ ಬದಲಾವಣೆಯೂ ಇಲ್ಲದೆ ನೇರ ಸ್ಪೀಕರಿಗೆ ಕೊಟ್ಟರೆ ನಮ್ಮ ಕಿವಿಗೆ ಕೇಳಿಸ್ತದೆ. ಚಟ್, ಚಟ್ ಅಂತ. ಏಡ್ರಿಯನ್ ಒಮ್ಮೆ ಕತ್ತಲೆ ಕೋಣೆಯಲ್ಲಿ ನೆಲಗಪ್ಪೆಯ ಕಣ್ಣಿನ ನರಕ್ಕೆ ಎಲೆಕ್ಟ್ರೋಡ್ ಹಾಕಿ ಸ್ಪೀಕರ್ ಹಚ್ಚಿ ಓಡಾಡ್ತಿದ್ದರಂತೆ. ಸಪ್ಪಳ ಯಾಕೆ ಏಳ್ತಿದೆ ಅಂತ ತಿಳೀಲಿಲ್ಲ. ಆಮೇಲೆ ಹೊಳೀತು: ತಾವು ಅತ್ತಿತ್ತ ಹೋಗೋದನ್ನ ಕಪ್ಪೆ ಕಣ್ಣು ನೋಡ್ತಿದೆ! ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೂ ಹಾಗೇ. ಬೆಕ್ಕಿನ ಮುಂದೆ ಚುಕ್ಕಿ ತೋರಿಸಿ ತೋರಿಸಿ ದಣಿದಿದ್ದರು. ಸ್ಲೈಡ್ ಬದಲಿಸುವಾಗ ಗಾಜಿನ ಅಂಚಿನ ನೆರಳು ಪರದೆಯ ಮೇಲೆ ಸರಿದಿದ್ದೇ ತಡ, ಸ್ಪೀಕರಿನಿಂದ ಪಟಾಕಿ ಸರ ಹೊಡೆದಂಗ ಸದ್ದು ಬಂತು. ಆ ಕೋಶಕ್ಕೆ ಬೇಕಿದ್ದದ್ದು ಚುಕ್ಕಿಯಲ್ಲ, ಗೆರೆ. ದೃಷ್ಟಿಯ ಬಗ್ಗೆ ಅವರು ಮಾಡಿದ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು.

ಇಷ್ಟಾದರೂ ಒಂದು ಕೋಶ ಒಂಟಿಯಾಗಿ ಸಿಗೋದಿಲ್ಲ. ಸೂಜಿಯ ತುದಿಗೆ ಎರಡು ಮೂರು ನೆರೆಯವರು ಒಟ್ಟಿಗೆ ಕೇಳಿಸ್ತಾರೆ. ಇಲ್ಲಿಂದ ನಿಜವಾದ ಬೇರ್ಪಡಿಸುವ ಕೆಲಸ. ಮೊದಲು ಒಂದು ಗೆರೆ ಎಳೀತಾರೆ: ಇಷ್ಟು ಮೈಕ್ರೋವೋಲ್ಟ್ ದಾಟಿದರೆ ಮಾತ್ರ ಸ್ಪೈಕ್ ಅಂತ ಲೆಕ್ಕ, ಉಳಿದದ್ದು ಗದ್ದಲ. ಎಡಿಟಿಂಗ್ ಆ್ಯಪಿನ ನಾಯ್ಸ್ ಗೇಟ್ ಮಾಡೋದೂ ಇದನ್ನೇ. ಆದರೆ ದೊಡ್ಡ ದನಿಯ ಇನ್ನೊಬ್ಬ ಬಂದರೆ? ಅವನೂ ಗೆರೆ ದಾಟ್ತಾನೆ.

ಅದಕ್ಕೆ ವಿಂಡೋ ಡಿಸ್ಕ್ರಿಮಿನೇಟರ್ ಅನ್ನೋ ಡಬ್ಬಿ ಬಂತು. ಹೆಸರು ದೊಡ್ಡದು, ಕೆಲಸ ಗೇಟ್ ಕಾಯೋನದ್ದು. ಆಸಿಲೋಸ್ಕೋಪಿನ ಪರದೆಯ ಮೇಲೆ ಹಸಿರು ಗೆರೆಯಲ್ಲಿ ಸ್ಪೈಕ್ ಮೂಡ್ತದೆ. ಒಂದೊಂದು ಕೋಶದ ಸ್ಪೈಕಿಗೂ ತನ್ನದೇ ಆಕಾರ: ಒಂದರದ್ದು ಎತ್ತರ, ಚೂಪು, ಇನ್ನೊಂದರದ್ದು ಅಗಲ, ಬಾಲ ಉದ್ದ. ಯಾಕಂದ್ರೆ ಕೋಶದ ಜಾತಿ ಬೇರೆ, ಸೂಜಿಯಿಂದ ಅದರ ದೂರ ಬೇರೆ. ಕೂತವರು ಗುಂಡಿ ತಿರುಗಿಸಿ ಎರಡು ಕಿಟಕಿ ಇಡ್ತಾರೆ. ಗೆರೆ ದಾಟಿದ ಇಂತಿಷ್ಟು ಹೊತ್ತಿಗೆ ಸಂಕೇತ ಮೊದಲ ಕಿಟಕಿಯೊಳಗೆ ಹಾಯಬೇಕು, ಇನ್ನಷ್ಟು ಹೊತ್ತಿಗೆ ಎರಡನೇ ಕಿಟಕಿಯೊಳಗೆ. ಎರಡರಲ್ಲೂ ಹಾದರೆ ಮಾತ್ರ ಡಬ್ಬಿ 'ಟಿಕ್' ಅಂತ ಒಂದು ಪಲ್ಸ್ ಕೊಡ್ತದೆ. ಒಂದು ತಪ್ಪಿದರೂ ಇಲ್ಲ. ಕಂಪ್ಯೂಟರ್ ಸಸ್ತಾ ಆಗೋ ಮುಂಚೆ ಪ್ರಯೋಗಾಲಯಗಳಲ್ಲಿ ಒಂದು ಕೋಶದ ಲೆಕ್ಕ ಸಿಗುತ್ತಿದ್ದದ್ದು ಹೀಗೆ, ಇಂಥ ಡಬ್ಬಿಯಿಂದ.

ಈಗ ಸಾಫ್ಟ್‌ವೇರ್ ಕಾಲ. ಈ ಕೆಲಸಕ್ಕೆ ಸ್ಪೈಕ್ ಸಾರ್ಟಿಂಗ್ ಅಂತಾರೆ. ಬಿ.ಕಾಂ ಭಾಷೆಯಲ್ಲಿ ಹೇಳ್ತೀನಿ, ನನಗೆ ಇದು ತಲೆಗೆ ಹೋಗಿದ್ದು ಹಾಗೇ. ಒಂದು ಕಿರಾಣಿ ಅಂಗಡಿಯ ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮ ಕೈಯಲ್ಲಿದೆ ಅಂದುಕೊಳ್ರಿ. ಗಿರಾಕಿಗಳ ಹೆಸರೇ ಇಲ್ಲ, ಮೊತ್ತ ಮತ್ತು ಟೈಮ್ ಮಾತ್ರ. ಸಾವಿರ ಎಂಟ್ರಿ. ಯಾವುದು ಯಾರದ್ದು? ಎಲ್ಲವನ್ನೂ ಹಾಳೆಯ ಮೇಲೆ ಚುಕ್ಕಿ ಹಾಕಿ ನೋಡಿದರೆ, ದಿನಾ 42 ರೂಪಾಯಿಯ ಹಾಲಿನವರ ಗುಂಪು ಒಂದು ಕಡೆ, ತಿಂಗಳಿಗೊಮ್ಮೆ ಸಂತೆ ಮಾಡೋರದ್ದು ಇನ್ನೊಂದು ಕಡೆ ಕೂಡ್ತದೆ. ಸಾಫ್ಟ್‌ವೇರ್ ಕೂಡ ಸ್ಪೈಕಿನ ಎತ್ತರ, ಅಗಲ, ಇಳಿಜಾರು ನೋಡಿ ಒಂದೊಂದನ್ನೂ ಒಂದು ಚುಕ್ಕಿ ಮಾಡ್ತದೆ. ಚುಕ್ಕಿಗಳ ಒಂದು ಗುಂಪು ಅಂದ್ರೆ ಒಂದು ಕೋಶ, ಬಹುಶಃ.

ಬಹುಶಃ ಅಂದಿದ್ದು ಸುಮ್ಮನೆ ಅಲ್ಲ. ಇಬ್ಬರು ಹಾಲಿನವರು ಒಂದೇ ಗುಂಪಿನಲ್ಲಿ ಸೇರಿಕೊಂಡಿರಬಹುದಲ್ಲ? ಅದನ್ನ ಹಿಡಿಯೋಕೆ ಒಂದು ಚಂದದ ತಾಳೆ ಇದೆ. ಒಮ್ಮೆ ಮಿಡಿದ ನರಕೋಶ ಮುಂದಿನ ಒಂದು ಮಿಲಿಸೆಕೆಂಡಿನಷ್ಟು ಹೊತ್ತು ಮತ್ತೆ ಮಿಡಿಯೋಕೆ ಆಗೋದೇ ಇಲ್ಲ, ಅದರ ರಚನೆಯೇ ಹಾಗೆ. ಬೇರ್ಪಡಿಸಿದ ಪಟ್ಟಿಯಲ್ಲಿ ಅರ್ಧ ಮಿಲಿಸೆಕೆಂಡ್ ಅಂತರದಲ್ಲಿ ಎರಡೆರಡು ಸ್ಪೈಕ್ ಕಂಡರೆ ಖಾತೆ ಒಬ್ಬರದ್ದಲ್ಲ. ಆಡಿಟರ್ ಹಂಗ ಕೆಂಪು ಗೆರೆ ಎಳೆದು ಮತ್ತೆ ಕೂಡೋದೇ.

ಇನ್ನೊಂದು ದಾರಿ, ಕಿವಿ ಹೆಚ್ಚು ಮಾಡೋದು. ಗ್ಯಾಲರಿಯಲ್ಲಿ ನಾಲ್ಕು ಕಡೆ ನಾಲ್ಕು ಫೋನ್ ಇಟ್ಟರೆ, ಯಾವ ಫೋನಿಗೆ ಎಷ್ಟು ಜೋರು ಅನ್ನೋದರಿಂದಲೇ ಹುಡುಗ ಎಲ್ಲಿ ನಿಂತಿದ್ದಾನೆ ಗೊತ್ತಾಗ್ತದೆ. ನಾಲ್ಕು ಸಣ್ಣ ತಂತಿ ಹೆಣೆದು ಮಾಡೋ ಟೆಟ್ರೋಡ್ ಹಿಂದಿನ ಯೋಚನೆ ಇದು. 2017ರಲ್ಲಿ ಬಂದ ನ್ಯೂರೋಪಿಕ್ಸೆಲ್ಸ್ ಅನ್ನೋ ಸೂಜಿಯ ಮೇಲೆ 960 ಜಾಗಗಳಿವೆ, ಒಮ್ಮೆಗೆ 384 ಕಡೆಯಿಂದ ಕೇಳಬಹುದು. ಅಷ್ಟನ್ನ ಯಾವ ಮನುಷ್ಯನೂ ಹೆಡ್‌ಫೋನ್ ಹಾಕಿ ಕೇಳೋಕಾಗಲ್ಲ.

ಒಂದೊಂದೇ ಕೋಶ ಕೇಳಿ ಏನು ಸಿಗ್ತದೆ ಅಂದ್ರೆ, ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಅಲ್ಲಿ ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್, ಉಪಿಂದರ್ ಭಲ್ಲಾ ಇಲಿಗಳ ಮೇಲೆ ಪ್ರಯೋಗ ಮಾಡಿ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವಾಸನೆ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಇಲಿ ಒಂದೆರಡು ಸಲ ಮೂಸಿ ನೋಡುವಷ್ಟರಲ್ಲೇ ಹೇಳ್ತದೆ. ಎರಡು ಕಿವಿಯಿಂದ ನಾವು ಸ್ಟೀರಿಯೋ ಕೇಳಿದಂಗ, ಎರಡು ಮೂಗಿನ ಹೊಳ್ಳೆಯಿಂದ ಅದು ಸ್ಟೀರಿಯೋ ಮೂಸ್ತದೆ. ಮಿದುಳಿನ ವಾಸನೆಯ ಭಾಗದ ಒಂಟಿ ಕೋಶಗಳನ್ನು ಕೇಳಿದಾಗ, ಹೆಚ್ಚಿನವು ಎಡಕ್ಕೊಂದು ಬಲಕ್ಕೊಂದು ರೀತಿ ಮಿಡೀತಿದ್ದವು. ಎಲ್ಲ ಕೋಶಗಳನ್ನ ಬೆರೆಸಿ ಕೇಳಿದ್ದರೆ ಎಡ ಬಲ ಕೂಡಿ ವ್ಯತ್ಯಾಸವೇ ಮುಚ್ಚಿಹೋಗುವ ಅಪಾಯ ಇತ್ತು.

ಈಗ ಅಪ್ಪಾಜಿಯ ಆಪರೇಷನ್ ಥಿಯೇಟರಿಗೆ ಬರೋಣ. ಡಿಬಿಎಸ್ ಅಂದ್ರೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಮಿದುಳಿನ ಆಳದಲ್ಲಿ ಸಣ್ಣ ತಂತಿ ಇಟ್ಟು ಸತತವಾಗಿ ವಿದ್ಯುತ್ ಮಿಡಿತ ಕೊಡೋದು. ಈಗಿನ ರೂಪದ ಚಿಕಿತ್ಸೆಯನ್ನು 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ಅವರ ತಂಡ ಶುರು ಮಾಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡ್ತಾರೆ. ಪಾರ್ಕಿನ್ಸನ್‌ಗೆ ಸಾಮಾನ್ಯ ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನೋ ಜಾಗ. ಎಡಕ್ಕೊಂದು, ಬಲಕ್ಕೊಂದು. ಗಾತ್ರ? ತಿಕೋಟಾದ ಒಂದು ಒಣದ್ರಾಕ್ಷಿಯಷ್ಟು. ತಲೆಯ ಮೇಲಿನಿಂದ ಅಷ್ಟು ಆಳದಲ್ಲಿರೋ ಒಣದ್ರಾಕ್ಷಿಗೆ, ಅದರಲ್ಲೂ ಕೈಕಾಲಿನ ಚಲನೆ ನೋಡಿಕೊಳ್ಳೋ ಭಾಗಕ್ಕೇ ತಂತಿ ಮುಟ್ಟಬೇಕು. ಎರಡು ಮಿಲಿಮೀಟರ್ ಆಚೆ ಹೋದರೆ ನಾಲಿಗೆ ತೊದಲಬಹುದು, ಮುಖದ ಸ್ನಾಯು ಸೆಳೆಯಬಹುದು.

ಎಂಆರ್‌ಐ ನಕ್ಷೆ ಕೊಡ್ತದೆ, ತಲೆಗೆ ಬಿಗಿದ ಚೌಕಟ್ಟು ಅಳತೆ ಕೊಡ್ತದೆ. ಕೊನೆಯ ಮಿಲಿಮೀಟರುಗಳಿಗೆ ಕಿವಿ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಗುರಿಗಿಂತ ಒಂದು ಸೆಂಟಿಮೀಟರಿನಷ್ಟು ಮೇಲಿಂದ ಮೈಕ್ರೋಎಲೆಕ್ಟ್ರೋಡನ್ನು ಅರ್ಧರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇಳಿಸ್ತಾ ಬರ್ತಾರೆ. ಮಿದುಳಿಗೆ ಸ್ವಂತ ನೋವಿನ ಅರಿವಿಲ್ಲ, ಹಿಂಗಾಗಿ ಎಚ್ಚರ ಇದ್ದರೂ ಸೂಜಿ ಇಳಿಯೋದು ನೋಯಲ್ಲ. ಮೊದಲು ಥಲಾಮಸ್‌ನಲ್ಲಿ ಅಲ್ಲೊಂದು ಇಲ್ಲೊಂದು ಪಟಪಟ. ಆಮೇಲೆ ಹೆಚ್ಚುಕಡಿಮೆ ಮೌನ. ಸ್ವಲ್ಪ ಇಳಿದ ಕೂಡಲೇ ಒಮ್ಮೆಲೇ ಮಳೆ! ಹಿನ್ನೆಲೆ ಸದ್ದು ಏರ್ತದೆ, ದೊಡ್ಡ ಸ್ಪೈಕುಗಳು ತಾಳ ತಪ್ಪಿದಂಗ ಒತ್ತೊತ್ತಾಗಿ ಬರ್ತವೆ, ಒಂದೊಂದು ಕೋಶ ಸೆಕೆಂಡಿಗೆ 30-50 ಸಲ. ಒಣದ್ರಾಕ್ಷಿ ಸಿಕ್ಕಿತು. ಅದನ್ನ ದಾಟಿದರೆ ಮತ್ತೆ ಸ್ವಲ್ಪ ಮೌನ, ಆಮೇಲೆ ಹೊಲಿಗೆ ಯಂತ್ರದಂಗ ಸಮನಾದ, ಜೋರು ಓಟದ ಟಕಟಕ. ಅದು ಕೆಳಗಿನ ಸಬ್‌ಸ್ಟಾನ್ಷಿಯಾ ನೈಗ್ರಾ. ಅಂದ್ರೆ ತಳ ದಾಟಿದೆ ಅಂತ.

ಮಳೆ ಕೇಳಿದರೆ ಊರು ಗೊತ್ತಾಯ್ತು, ಓಣಿ ಗೊತ್ತಾಗಬೇಕಲ್ಲ? ಒಂಟಿ ದನಿ ಬೇಕಾಗೋದು ಇಲ್ಲಿ. ಡಾಕ್ಟರು ರೋಗಿಯ ಮಣಿಕಟ್ಟು ಹಿಡಿದು ಮೇಲೆ ಕೆಳಗೆ ಆಡಿಸ್ತಾರೆ. ಬೇರೆ ಮಾಡಿಟ್ಟುಕೊಂಡ ಒಂದು ಕೋಶದ ಚಟಚಟ ಆ ತಾಳಕ್ಕೆ ಏರಿ ಇಳಿದರೆ, ಅದು ಕೈಗೆ ಸಂಬಂಧಿಸಿದ ಜಾಗ. ಕೆಲವು ಕೋಶಗಳು ನಡುಕದ ತಾಳದಲ್ಲೇ, ಸೆಕೆಂಡಿಗೆ 4ರಿಂದ 6 ಸಲ, ಗುಂಪು ಗುಂಪಾಗಿ ಮಿಡೀತವೆ. ಮೂರು ಕೋಶ ಬೆರೆತು ಕೇಳಿಸಿದರೆ ಯಾವುದು ಕೈಗೆ ಸ್ಪಂದಿಸಿತು ಅಂತ ಹೇಳೋಕಾಗಲ್ಲ. ಹಿಂದಿನ ರಾತ್ರಿಯಿಂದ ಗುಳಿಗೆ ನಿಲ್ಲಿಸೋದೂ, ಎಚ್ಚರ ಇರಿಸೋದೂ ಇದಕ್ಕೇ. ಗುಳಿಗೆ ನಡುಕವನ್ನ ಮುಚ್ಚಿಡ್ತದೆ, ಅರಿವಳಿಕೆ ಕೋಶಗಳ ದನಿಯನ್ನ ಬದಲಿಸ್ತದೆ. ಆಮೇಲೆ ಕರೆಂಟು ಕೊಟ್ಟು ನೋಡುವಾಗ ಕೈ ಬಿಗುವು ಸಡಿಲಾಯ್ತಾ, ಮಾತು ತೊದಲ್ತಿದೆಯಾ ಅಂತ ಅಪ್ಪಾಜಿಯೇ ಹೇಳಬೇಕು. ಆ ಕೋಣೆಯಲ್ಲಿ ಅವರು ಬರೀ ರೋಗಿ ಅಲ್ಲ, ಕೆಲಸದವರಲ್ಲಿ ಒಬ್ಬರು.

ಜಾಗ ಖಾತ್ರಿಯಾದ ಮೇಲೆ ಕೇಳುವ ಸೂಜಿ ತೆಗೆದು, ಖಾಯಂ ತಂತಿ ಇಡ್ತಾರೆ. ಅದರ ವೈರ್ ಚರ್ಮದ ಕೆಳಗೆ ಇಳಿದು ಎದೆಯ ಮೇಲ್ಭಾಗದ ಬ್ಯಾಟರಿ ಡಬ್ಬಿಗೆ ಸೇರ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 130ರ ಆಸುಪಾಸು ಮಿಡಿತ.

ಇಷ್ಟು ಕೇಳಿ ಸೂಜಿ ಇಲ್ಲದೆ ಆಗೋದೇ ಇಲ್ಲ ಅಂದುಕೊಳ್ಳಬೇಡ್ರಿ. ಒಳ್ಳೆಯ ಎಂಆರ್‌ಐ ಚಿತ್ರ ನೋಡಿಕೊಂಡು, ರೋಗಿಯನ್ನು ಪೂರ್ತಿ ಮಲಗಿಸಿಯೇ ಮಾಡುವ ಕೇಂದ್ರಗಳೂ ಜಗತ್ತಿನಲ್ಲಿವೆ. ಸೂಜಿ ಇಳಿಸಿದಷ್ಟು ಸಲವೂ ರಕ್ತಸ್ರಾವದ ಸಣ್ಣ ಅಪಾಯ ಇದ್ದೇ ಇರ್ತದೆ, ಹೊತ್ತೂ ಹಿಡೀತದೆ. ಕೇಳಿ ಇಡೋದು ಮೇಲೋ, ನೋಡಿ ಇಡೋದು ಮೇಲೋ ಅನ್ನೋ ವಾದ ವೈದ್ಯರಲ್ಲೇ ಮುಗಿದಿಲ್ಲ. ನನ್ನ ಮನಸ್ಸು ಕೇಳೋರ ಕಡೆ ವಾಲ್ತದೆ, ಆದರೆ ಅದು ಪಾಡ್‌ಕಾಸ್ಟ್ ಮಾಡೋನ ಪಕ್ಷಪಾತ ಅಂತ ಹಿಡೀರಿ.

ತಂಗಿ, ಬೆಂಗಳೂರಿಗೆ ಹೋದಾಗ ಇದನ್ನೇ ಕೇಳು. ನೀವು ಎಚ್ಚರ ಇರಿಸಿ ಮಾಡ್ತೀರೋ, ಮಲಗಿಸಿಯೋ? ಮೈಕ್ರೋಎಲೆಕ್ಟ್ರೋಡ್ ಎಷ್ಟು ದಾರಿಯಲ್ಲಿ ಇಳಿಸ್ತೀರಿ, ಕೇಳೋರು ಯಾರು? ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅಪ್ಪಾಜಿಗೆ ಗುಳಿಗೆ ತಗೊಂಡಾಗ ಈಗಲೂ ಯಾವ ಯಾವ ತೊಂದರೆ ಕಡಿಮೆ ಆಗ್ತದೆ? ಯಾಕಂದ್ರೆ ಡಿಬಿಎಸ್ ರೋಗವನ್ನ ತೆಗೆಯಲ್ಲ, ಮುಂದುವರಿಯೋದನ್ನ ನಿಲ್ಲಿಸಲ್ಲ. ನಡುಕ ಬಿಟ್ಟರೆ, ಗುಳಿಗೆಗೆ ಬಗ್ಗುವ ಬಿಗುವು, ನಿಧಾನಗತಿಗಳೇ ಸಾಮಾನ್ಯವಾಗಿ ಇದಕ್ಕೂ ಬಗ್ತವೆ. ಮಾತು ಕ್ಷೀಣವಾಗೋದು, ನಡೆಯುವಾಗ ತೋಲು ತಪ್ಪೋದು ಅಷ್ಟಾಗಿ ಸುಧಾರಿಸದೇ ಇರಬಹುದು. ಆಪರೇಷನ್ ಆದ ಮೇಲೆ ಬ್ಯಾಟರಿಯ ಸೆಟ್ಟಿಂಗ್ ಸರಿಹೊಂದಿಸೋಕೆ ಹಲವು ಸಲ ಓಡಾಡಬೇಕು. ವಿಜಯಪುರದಿಂದ ರಾತ್ರಿ ಗಾಡಿ ಹತ್ತೋ ಖರ್ಚು, ಜೊತೆಗೆ ಹೋಗೋರ ಕೂಲಿ, ಇದನ್ನೂ ಈಗಲೇ ಲೆಕ್ಕಕ್ಕೆ ಹಿಡಿದುಕೋ. ಆಯಿಯನ್ನೂ ಕರಕೊಂಡು ಹೋಗು, ಡಾಕ್ಟರ ಮುಂದೆ ಅವರೇ ಕೇಳಲಿ.